ಹನ್ನೆರಡು ಕಾಯಿಗಳ ಆಟ, ನಾಲ್ವರು ಉಪಾಧ್ಯಾಯರು



"ಕಂಪ್ಯೂಟರಿಗೆ ಸ್ವಂತ ಬುದ್ಧಿ ಎಂಬುದಿಲ್ಲ, ನಾವು ಹೇಳಿಕೊಟ್ಟಷ್ಟನ್ನು ಮಾತ್ರ ಅದು ಮಾಡುತ್ತದೆ" ಎಂಬ ಮಾತನ್ನು ನಾವೆಲ್ಲರೂ ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಈಚಿನ ದಿನಗಳಲ್ಲಿ ಇದಕ್ಕೆ ನೇರವಾಗಿ ವಿರುದ್ಧವಾದ ಇನ್ನೊಂದು ಮಾತೂ ಕಿವಿಗೆ ಬೀಳುತ್ತಿದೆ. "ಇನ್ನು ಮೇಷ್ಟರುಗಳ ಅಗತ್ಯವೇ ಇಲ್ಲ, ಯಂತ್ರ ತಾನೇ ಕಲಿತು ನಮಗೂ ಕಲಿಸುತ್ತದೆ" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ನಗುತ್ತ ಹೇಳಿದ. ಅವನು ಹಾಸ್ಯಕ್ಕಾಗಿಯೇ ಹೇಳಿದ್ದರೂ, ಮೂರೂವರೆ ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತು ಬಂದವನಿಗೆ ಆ ಮಾತು ಅಷ್ಟು ಸುಲಭವಾಗಿ ಮರೆಯುವಂಥದಲ್ಲ. ಈ ಎರಡು ಮಾತುಗಳಲ್ಲಿ ಯಾವುದು ಸತ್ಯ? ಯಂತ್ರವು ಕಲಿಯುತ್ತದೆ ಎಂದರೆ ನಿಜವಾಗಿ ಏನರ್ಥ? ಇದನ್ನು ತರ್ಕದಿಂದ ಮಾತ್ರ ಬಿಡಿಸಲು ಹೊರಡುವುದಕ್ಕಿಂತ ಇತಿಹಾಸವನ್ನು ಕೇಳುವುದು ಮೇಲು. ಆ ಇತಿಹಾಸ ಆರಂಭವಾಗುವುದು ಚೆಕರ್ಸ್ ಎಂಬ ಒಂದು ಮಣೆಯಾಟದಿಂದ. ಆ ಕಥೆಯ ಮುಖ್ಯ ಪಾತ್ರಧಾರಿಗಳು ನಾಲ್ವರು. ನಾಲ್ವರೂ ಒಂದಲ್ಲ ಒಂದು ಕಾಲದಲ್ಲಿ ಪಾಠ ಹೇಳಿದವರು ಎಂಬುದು ನನಗೆ ವಿಶೇಷವಾಗಿ ಕಂಡ ಸಂಗತಿ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಅಮೆರಿಕದವರು ಚೆಕರ್ಸ್ ಎಂದು ಕರೆಯುವ ಆಟವನ್ನು ಇಂಗ್ಲೆಂಡಿನವರು ಡ್ರಾಫ್ಟ್ಸ್ ಎನ್ನುತ್ತಾರೆ. ಚದುರಂಗದ ಮಣೆಯಂತೆಯೇ 64 ಮನೆಗಳ ಮಣೆ, ಆದರೆ ಆಟಕ್ಕೆ ಬಳಕೆಯಾಗುವುದು 32 ಕಪ್ಪು ಮನೆಗಳು ಮಾತ್ರ. ಒಬ್ಬೊಬ್ಬರಿಗೆ ಹನ್ನೆರಡು ಕಾಯಿಗಳು. ಕಾಯಿಗಳು ಓರೆಯಾಗಿ ಮುಂದಕ್ಕೆ ಒಂದೊಂದೇ ಮನೆ ನಡೆಯಬೇಕು. ಎದುರಾಳಿಯ ಕಾಯಿ ಪಕ್ಕದಲ್ಲಿದ್ದು ಅದರ ಆಚೆಯ ಮನೆ ಖಾಲಿಯಿದ್ದರೆ, ಅದರ ಮೇಲೆ ಹಾರಿ ಆ ಕಾಯಿಯನ್ನು ಎತ್ತಿಕೊಳ್ಳಬೇಕು. ನಮ್ಮ ಹುಲಿ-ಕುರಿ ಆಟದಲ್ಲಿ ಹುಲಿಯು ಕುರಿಯ ಮೇಲೆ ಹಾರುವುದನ್ನು ನೆನೆಸಿಕೊಂಡರೆ ಸಾಕು. ಒಂದು ವ್ಯತ್ಯಾಸವೆಂದರೆ ಇಲ್ಲಿ ಹಾರುವ ಅವಕಾಶ ಬಂದಾಗ ಹಾರದೆ ಬಿಡುವಂತಿಲ್ಲ, ಅದು ಕಡ್ಡಾಯ. ಎದುರಿನ ಕೊನೆಯ ಸಾಲನ್ನು ಮುಟ್ಟಿದ ಕಾಯಿ ರಾಜನಾಗಿ ಹಿಂದಕ್ಕೂ ನಡೆಯುವ ಅಧಿಕಾರ ಪಡೆಯುತ್ತದೆ. ನಡೆಯಲು ದಾರಿಯಿಲ್ಲದವನು ಅಥವಾ ಕಾಯಿಗಳನ್ನೆಲ್ಲ ಕಳೆದುಕೊಂಡವನು ಸೋತಂತೆ.

ನಿಯಮಗಳು ಇಷ್ಟೇ. ಎಂಟು ವರ್ಷದ ಮಗು ಅರ್ಧ ಗಂಟೆಯಲ್ಲಿ ಕಲಿಯಬಹುದು. ಆದರೆ ಈ ಮಣೆಯ ಮೇಲೆ ಉಂಟಾಗಬಹುದಾದ ಸ್ಥಿತಿಗಳ ಸಂಖ್ಯೆ ಸುಮಾರು 5ರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟು. ಈ ಸಂಖ್ಯೆಯ ಗಾತ್ರ ಮನಸ್ಸಿಗೆ ತಟ್ಟಬೇಕಾದರೆ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ ಒಂದು ಕೋಟಿ ಸ್ಥಿತಿಗಳಂತೆ ಪರೀಕ್ಷಿಸುತ್ತ ಹೋದರೂ ಎಲ್ಲವನ್ನೂ ಮುಗಿಸಲು ಸುಮಾರು 16 ಲಕ್ಷ ವರ್ಷಗಳು ಹಿಡಿಯುತ್ತವೆ. ಸರಳವಾದ ನಿಯಮ, ಅಪಾರವಾದ ವಿಸ್ತಾರ. ಯಂತ್ರಕ್ಕೆ ಬುದ್ಧಿಯನ್ನು ಕಲಿಸಲು ಹೊರಟವರು ಈ ಆಟವನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಇದೇ.

ನಾಲ್ವರಲ್ಲಿ ಮೊದಲನೆಯವನು ಕ್ರಿಸ್ಟೋಫರ್ ಸ್ಟ್ರೇಚಿ. ಅವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿರಲಿಲ್ಲ, ನಮ್ಮ ನಿಮ್ಮಂತೆ ಶಾಲಾ ಉಪಾಧ್ಯಾಯ. ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, 1951ರಲ್ಲಿ, ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಸಿದ್ಧವಾಗಿದ್ದ ಪೈಲಟ್ ಏಸ್ ಎಂಬ ಗಣಕಯಂತ್ರದ ವಿಚಾರ ಅವನಿಗೆ ತಿಳಿಯಿತು. ಕೂಡಲೇ ಡ್ರಾಫ್ಟ್ಸ್ ಆಡುವ ಕಾರ್ಯಕ್ರಮವೊಂದನ್ನು ಅದಕ್ಕಾಗಿ ಬರೆಯಲು ಕುಳಿತನು. ಅದೇ ವರ್ಷದ ಜುಲೈ ಕೊನೆಯಲ್ಲಿ ನಡೆದ ಮೊದಲ ಪ್ರಯತ್ನ ಫಲಿಸಲಿಲ್ಲ. ಆ ಯಂತ್ರದ ಸ್ಮೃತಿಕೋಶ ಬಹಳ ಚಿಕ್ಕದಾಗಿತ್ತು. ಮ್ಯಾಂಚೆಸ್ಟರಿನಲ್ಲಿ ಇನ್ನೂ ದೊಡ್ಡದಾದ ಫೆರಾಂಟಿ ಮಾರ್ಕ್ 1 ಯಂತ್ರವಿತ್ತು. ಅಲ್ಲಿದ್ದ ಅಲನ್ ಟ್ಯೂರಿಂಗ್ ಸ್ಟ್ರೇಚಿಗೆ ಕೇಂಬ್ರಿಜ್ ದಿನಗಳಿಂದ ಪರಿಚಿತನು. ಟ್ಯೂರಿಂಗನಿಂದ ಆ ಯಂತ್ರದ ಕೈಪಿಡಿಯನ್ನು ತರಿಸಿಕೊಂಡು, ಶಾಲೆಯ ಕೆಲಸದ ನಡುವೆಯೇ ಓದಿ, ಕಾರ್ಯಕ್ರಮವನ್ನು ಮತ್ತೆ ಬರೆದನು. 1952ರ ಬೇಸಗೆಯ ಹೊತ್ತಿಗೆ ಯಂತ್ರವು ಒಂದು ಪೂರ್ಣ ಆಟವನ್ನು ತಕ್ಕಮಟ್ಟಿನ ವೇಗದಲ್ಲಿ ಆಡಬಲ್ಲುದಾಗಿತ್ತು.

ಆ ಆಟ ಚೆನ್ನಾಗಿತ್ತೆಂದು ಯಾರೂ ಹೇಳಲಾರರು. ಸ್ಟ್ರೇಚಿಯ ಯಂತ್ರವು ಕೆಲವು ನಡೆಗಳಷ್ಟು ಮುಂದೆ ನೋಡಿ, ಯಾರ ಬಳಿ ಎಷ್ಟು ಕಾಯಿಗಳಿವೆ ಎಂದು ಎಣಿಸಿ, ಆ ಎಣಿಕೆಯ ಮೇಲೆ ನಡೆಯನ್ನು ಆರಿಸುತ್ತಿತ್ತು. ಆದರೆ ಲೆಕ್ಕ ಮಾಡುವುದಕ್ಕೆಂದೇ ಕಟ್ಟಿದ ಯಂತ್ರವೊಂದು ಲೆಕ್ಕವಲ್ಲದ ಕೆಲಸವನ್ನೂ ಮಾಡಬಲ್ಲುದು ಎಂಬುದನ್ನು ಅದು ಕಣ್ಣಿಗೆ ಕಾಣುವಂತೆ ತೋರಿಸಿತು. ಅಧಿಕೃತ ಪ್ರಯೋಗಾಲಯಗಳ ಹೊರಗಿದ್ದ ಒಬ್ಬ ಶಾಲಾ ಮಾಸ್ತರನು ಇದನ್ನು ಸಾಧಿಸಿದನು ಎಂಬುದನ್ನು ನನ್ನ ಶಿಷ್ಯರಲ್ಲಿ ಉಪಾಧ್ಯಾಯ ವೃತ್ತಿಯನ್ನು ಹಿಡಿದವರು ಗಮನಿಸಬೇಕು. ಮುಂದೆ ಸ್ಟ್ರೇಚಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನದ ದೊಡ್ಡ ವಿದ್ವಾಂಸನಾಗಿ ಹೆಸರು ಪಡೆದನು.

ಎರಡನೆಯವನು ಅಮೆರಿಕದ ಆರ್ಥರ್ ಸ್ಯಾಮ್ಯುಯೆಲ್. 1901ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಹುಟ್ಟಿದ ಈತ ವಿದ್ಯುತ್ ಎಂಜಿನಿಯರ್. ಬೆಲ್ ಪ್ರಯೋಗಾಲಯದಲ್ಲಿ ದುಡಿದು, 1946ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಬಂದನು. ಅಲ್ಲಿ ಒಂದು ಗಣಕಯಂತ್ರವನ್ನು ಕಟ್ಟಬೇಕೆಂಬ ಆಸೆ, ಆದರೆ ಹಣವಿಲ್ಲ. ಚಿಕ್ಕದೊಂದು ಯಂತ್ರವನ್ನು ಕಟ್ಟಿ, ಅದರಿಂದ ಜನರ ಕಣ್ಸೆಳೆಯುವ ಕೆಲಸವೊಂದನ್ನು ಮಾಡಿಸಿದರೆ ಹಣ ತಾನಾಗಿ ಬರುತ್ತದೆ ಎಂದು ಅವನು ಯೋಚಿಸಿದನು. ಹತ್ತಿರದ ಕಾಂಕಾಕೀ ಎಂಬ ಊರಿನಲ್ಲಿ ಮುಂದಿನ ವಸಂತದಲ್ಲಿ ಚೆಕರ್ಸ್ ವಿಶ್ವಸ್ಪರ್ಧೆ ನಡೆಯಲಿದೆ ಎಂಬ ಸುದ್ದಿ ಬಂದಿತ್ತು. ಅಲ್ಲಿ ಗೆದ್ದವನನ್ನು ಯಂತ್ರದಿಂದ ಸೋಲಿಸಿಬಿಟ್ಟರೆ ಆಯಿತು, ಚೆಕರ್ಸ್ ಎಂದರೆ ಮಕ್ಕಳಾಟ, ಅದೇನು ಮಹಾ ಎಂದುಕೊಂಡನಂತೆ. ಸ್ಪರ್ಧೆಯ ಕಾಲ ಬಂದು ಹೋಯಿತು. ಯಂತ್ರವೂ ಸಿದ್ಧವಾಗಲಿಲ್ಲ, ಕಾರ್ಯಕ್ರಮವೂ ಮುಗಿಯಲಿಲ್ಲ. ಒಂದು ಚಳಿಗಾಲದ ಕೆಲಸವೆಂದು ಭಾವಿಸಿ ಕೈಹಾಕಿದ್ದು ಅವನ ಬಾಳಿನ ಮುಂದಿನ ಎರಡು ದಶಕಗಳನ್ನು ತೆಗೆದುಕೊಂಡಿತು.

1949ರಲ್ಲಿ ಸ್ಯಾಮ್ಯುಯೆಲ್ ಐಬಿಎಂ ಸಂಸ್ಥೆಯನ್ನು ಸೇರಿದನು. ಆ ಸಂಸ್ಥೆಯ 701 ಯಂತ್ರಕ್ಕಾಗಿ ಚೆಕರ್ಸ್ ಕಾರ್ಯಕ್ರಮವನ್ನು ಬರೆದನು. 1955ರ ಹೊತ್ತಿಗೆ ಅನುಭವದಿಂದ ಕಲಿಯುವ ಶಕ್ತಿಯನ್ನು ಅದಕ್ಕೆ ಕೊಟ್ಟನು. 1956ರ ಫೆಬ್ರವರಿ 24ರಂದು ದೂರದರ್ಶನದಲ್ಲಿ ಅದರ ಪ್ರದರ್ಶನವೂ ನಡೆಯಿತು. ನಾನು ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕೆಂದಿರುವುದು ಈ 'ಕಲಿಯುವ ಶಕ್ತಿ' ಎಂಬಲ್ಲಿ.

ಮಣೆಯ ಮೇಲಿನ ಒಂದು ಸ್ಥಿತಿ ಒಳ್ಳೆಯದೋ ಕೆಟ್ಟದ್ದೋ ಎಂದು ಯಂತ್ರ ಹೇಗೆ ನಿರ್ಧರಿಸಬೇಕು? ಪರೀಕ್ಷೆಯ ಉತ್ತರಪತ್ರಿಕೆಗೆ ನಾವು ಹೇಗೆ ಅಂಕ ಕೊಡುತ್ತೇವೆಯೋ ಹಾಗೆಯೇ. ಮಧ್ಯದ ಮನೆಗಳು ಯಾರ ಹಿಡಿತದಲ್ಲಿವೆ, ಕಾಯಿಗಳಿಗೆ ಓಡಾಡಲು ಎಷ್ಟು ದಾರಿಗಳಿವೆ, ಹಿಂದಿನ ಸಾಲಿಗೆ ಕಾವಲು ಇದೆಯೇ, ಹೀಗೆ ಒಟ್ಟು 38 ಅಂಶಗಳನ್ನು ಸ್ಯಾಮ್ಯುಯೆಲ್ ಪಟ್ಟಿ ಮಾಡಿದನು. ಅವುಗಳಲ್ಲಿ ಒಂದು ಕಾಲಕ್ಕೆ 16 ಅಂಶಗಳು ಬಳಕೆಯಲ್ಲಿರುತ್ತಿದ್ದವು. ಪ್ರತಿ ಅಂಶಕ್ಕೂ ಎಷ್ಟು ಅಂಕ ಎಂಬುದನ್ನು ಮಾತ್ರ ಅವನು ಯಂತ್ರಕ್ಕೆ ಹೇಳಿಕೊಡಲಿಲ್ಲ. ಅದನ್ನು ಆಡಿ ಆಡಿ ಯಂತ್ರವೇ ಕಂಡುಕೊಳ್ಳಬೇಕಿತ್ತು. ಈ ಕ್ಷಣ ತಾನು ಕೊಟ್ಟ ಅಂಕಕ್ಕೂ, ಕೆಲವು ನಡೆಗಳಷ್ಟು ಮುಂದೆ ನೋಡಿದಾಗ ಬರುವ ಅಂಕಕ್ಕೂ ವ್ಯತ್ಯಾಸ ಕಂಡರೆ, ಯಾವ ಅಂಶಕ್ಕೆ ಹೆಚ್ಚು ಬೆಲೆ ಕೊಟ್ಟು ತಾನು ಮೋಸಹೋದೆನೆಂದು ನೋಡಿ ಆ ಬೆಲೆಯನ್ನು ತಿದ್ದಿಕೊಳ್ಳುವುದು ಅದರ ಕ್ರಮ.

ಇದಕ್ಕೆ ಜೊತೆಗಾರನೂ ಬೇಕಲ್ಲವೆ? ಸ್ಯಾಮ್ಯುಯೆಲ್ ಯಂತ್ರವನ್ನು ಯಂತ್ರದ ಎದುರಿಗೇ ಕೂರಿಸಿದನು. ಆಲ್ಫಾ ಎಂಬ ಆಟಗಾರ ಪ್ರತಿ ನಡೆಯ ನಂತರವೂ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಬೀಟಾ ಎಂಬುದು ಆಟ ಮುಗಿಯುವವರೆಗೆ ತನ್ನ ಪದ್ಧತಿಯನ್ನು ಬದಲಿಸುತ್ತಿರಲಿಲ್ಲ. ಆಲ್ಫಾ ಗೆದ್ದರೆ ಅದರ ಪದ್ಧತಿಯೇ ಬೀಟಾಗೆ ಹೋಗುತ್ತಿತ್ತು. ಆಲ್ಫಾ ಮೇಲಿಂದ ಮೇಲೆ ಸೋತರೆ, ತಾನು ಅತಿ ಹೆಚ್ಚು ಬೆಲೆ ಕೊಟ್ಟಿದ್ದ ಅಂಶವನ್ನೇ ಸೊನ್ನೆಗೆ ಇಳಿಸಿ ಬೇರೊಂದು ದಾರಿಯಲ್ಲಿ ಯೋಚಿಸಬೇಕಾಗುತ್ತಿತ್ತು. ತಪ್ಪು ದಾರಿಯಲ್ಲಿಯೇ ಜಾಣನಾಗುತ್ತಿರುವ ಹುಡುಗನಿಗೆ "ಅದನ್ನು ಪೂರ್ತಿ ಬಿಟ್ಟುಬಿಡು, ಬೇರೆ ರೀತಿ ನೋಡು" ಎಂದು ಹೇಳುವ ಉಪಾಧ್ಯಾಯನ ಕೆಲಸವನ್ನು ಇಲ್ಲಿ ನಿಯಮವೇ ಮಾಡುತ್ತಿತ್ತು.

1959ರಲ್ಲಿ ಸ್ಯಾಮ್ಯುಯೆಲ್ ಪ್ರಕಟಿಸಿದ ಲೇಖನದಿಂದ 'ಯಂತ್ರಕಲಿಕೆ' ಎಂಬ ಮಾತು ವಿಜ್ಞಾನದ ಪರಿಭಾಷೆಯಲ್ಲಿ ನೆಲೆಗೊಂಡಿತು. ಕೇವಲ 8-10 ಗಂಟೆಗಳ ಕಾಲ ಆಡಿ ಕಲಿತ ಯಂತ್ರವು, ತನ್ನ ಕಾರ್ಯಕ್ರಮವನ್ನು ಬರೆದವನಿಗಿಂತ ಚೆನ್ನಾಗಿ ಆಡಬಲ್ಲುದು ಎಂಬುದು ಆ ಲೇಖನದ ಮುಖ್ಯ ಹೇಳಿಕೆ. ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಸ್ಯಾಮ್ಯುಯೆಲನಿಗೆ ಆ ಭಾಗ್ಯ ಲೋಹದ ಶಿಷ್ಯನಿಂದ ದೊರೆಯಿತು. "ನಾವು ಹೇಳಿಕೊಟ್ಟಷ್ಟು ಮಾತ್ರ" ಎಂಬ ಮೊದಲನೆಯ ಮಾತು ಇಲ್ಲಿಯೇ ಅರ್ಧ ಸುಳ್ಳಾಯಿತು. ಅರ್ಧ ಏಕೆಂದರೆ, ಯಾವ ಅಂಶಗಳನ್ನು ನೋಡಬೇಕೆಂಬ ಪಟ್ಟಿ ಮನುಷ್ಯನದೇ ಆಗಿತ್ತು. ಅಂಕ ಹಂಚುವುದನ್ನು ಯಂತ್ರ ಕಲಿಯಿತು, ಪ್ರಶ್ನೆಪತ್ರಿಕೆಯನ್ನು ತಯಾರಿಸುವುದನ್ನು ಕಲಿಯಲಿಲ್ಲ. ಈ ಮಿತಿಯನ್ನು ಸ್ಯಾಮ್ಯುಯೆಲ್ ತನ್ನ ಲೇಖನದಲ್ಲಿಯೇ ಒಪ್ಪಿಕೊಂಡಿದ್ದಾನೆ.

ಅಷ್ಟೇ ಅಲ್ಲ. 1960ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ 'ಸೈನ್ಸ್' ಪತ್ರಿಕೆಯಲ್ಲಿ, ಯಂತ್ರಗಳು ತಮ್ಮನ್ನು ನಿರ್ಮಿಸಿದವರ ಮಿತಿಯನ್ನು ಮೀರಬಲ್ಲವೆಂದು ಎಚ್ಚರಿಸಿ, ಚೆಕರ್ಸ್ ಆಡುವ ಯಂತ್ರವನ್ನು ಉದಾಹರಿಸಿದನು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅದನ್ನು ಅಲ್ಲಗಳೆದು ಬರೆದವನು ಸ್ಯಾಮ್ಯುಯೆಲನೇ. ಯಂತ್ರಕ್ಕೆ ಸ್ವಂತ ಇಚ್ಛೆಯೆಂಬುದಿಲ್ಲ, ಅದು ಈಡೇರಿಸುವುದು ಮನುಷ್ಯನ ಉದ್ದೇಶವನ್ನೇ ಎಂಬುದು ಅವನ ನಿಲುವು. ತನ್ನ ಯಂತ್ರದ ಬಗ್ಗೆ ಲೋಕವೆಲ್ಲ ಹೊಗಳುತ್ತಿರುವಾಗ ಅದರ ಮಿತಿಯನ್ನು ತಾನೇ ಮುಂದೆ ನಿಂತು ಹೇಳುವ ಪ್ರಾಮಾಣಿಕತೆ ಎಲ್ಲರಲ್ಲಿಯೂ ಕಾಣಸಿಗುವುದಿಲ್ಲ.

ಆದರೆ ಲೋಕಕ್ಕೆ ಇಂಥ ಸೂಕ್ಷ್ಮಗಳು ಬೇಕಿರಲಿಲ್ಲ. 1962ರ ಬೇಸಗೆಯಲ್ಲಿ ಸ್ಯಾಮ್ಯುಯೆಲನ ಕಾರ್ಯಕ್ರಮಕ್ಕೂ ಕನೆಕ್ಟಿಕಟ್ ರಾಜ್ಯದ ರಾಬರ್ಟ್ ನೀಲಿ ಎಂಬ ಆಟಗಾರನಿಗೂ ಒಂದು ಆಟ ನಡೆಯಿತು. ನೀಲಿ ಅಂಧನು, ಚೆನ್ನಾಗಿ ಆಡಬಲ್ಲವನು. ಆ ಆಟದಲ್ಲಿ ಯಂತ್ರ ಗೆದ್ದಿತು. 1954ರ ನಂತರ ತನ್ನನ್ನು ಇಷ್ಟರಮಟ್ಟಿಗೆ ಎದುರಿಸಿದ ಮನುಷ್ಯನೇ ಇರಲಿಲ್ಲವೆಂದು ನೀಲಿ ಉದಾರವಾಗಿ ಹೊಗಳಿದನು. "ಕಂಪ್ಯೂಟರ್ ಚೆಕರ್ಸ್ ಚಾಂಪಿಯನ್ನನನ್ನು ಸೋಲಿಸಿತು" ಎಂಬ ಸುದ್ದಿ ಹಬ್ಬಿತು. ಮುಂದೆ ಅದು ಪಠ್ಯಪುಸ್ತಕಗಳಿಗೂ ಸೇರಿತು. ಚೆಕರ್ಸ್ ಮುಗಿದ ಅಧ್ಯಾಯ, ಇನ್ನು ಚದುರಂಗದ ಕಡೆ ನೋಡೋಣ ಎಂದು ಸಂಶೋಧಕರೂ ಹೊರಟರು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಆ ಚಾಂಪಿಯನ್ ಯಾವುದರ ಚಾಂಪಿಯನ್? ನಡೆದದ್ದು ಎಷ್ಟು ಆಟ? ನೀಲಿ ತನ್ನ ರಾಜ್ಯದ ಚಾಂಪಿಯನ್ ಆದದ್ದೇ 1966ರಲ್ಲಿ, ಆಟ ನಡೆದ ನಾಲ್ಕು ವರ್ಷಗಳ ನಂತರ. ವಿಶ್ವ ಚಾಂಪಿಯನ್ ಅವನು ಎಂದೂ ಆಗಿರಲಿಲ್ಲ. ನಡೆದದ್ದು ಒಂದೇ ಒಂದು ಆಟ. ಮರುವರ್ಷ ಇವರಿಬ್ಬರ ನಡುವೆ ಮತ್ತೆ ಆರು ಆಟಗಳು ನಡೆದಾಗ ನೀಲಿ ಒಂದನ್ನು ಗೆದ್ದು ಉಳಿದ ಐದನ್ನು ಸಮ ಮಾಡಿಕೊಂಡನು. ಯಂತ್ರಕ್ಕೆ ಒಂದೂ ಗೆಲುವಿಲ್ಲ. 1966ರಲ್ಲಿ ಅಂದಿನ ವಿಶ್ವ ಚಾಂಪಿಯನ್ ವಾಲ್ಟರ್ ಹೆಲ್‌ಮನ್ ಮತ್ತು ಅವನ ಪ್ರತಿಸ್ಪರ್ಧಿ ಡೆರೆಕ್ ಓಲ್ಡ್‌ಬರಿ ಇಬ್ಬರೂ ಯಂತ್ರದೊಡನೆ ನಾಲ್ಕು ನಾಲ್ಕು ಆಟಗಳನ್ನು ಆಡಿದರು. ಎಂಟರಲ್ಲಿ ಎಂಟನ್ನೂ ಯಂತ್ರ ಸೋತಿತು. ಆದರೆ ಗೆದ್ದ ಒಂದು ಆಟ ಪುಸ್ತಕಗಳಲ್ಲಿ ಉಳಿಯಿತು, ಸೋತ ಎಂಟನ್ನು ಜನ ಮರೆತರು. ಒಂದು ಕಿರುಪರೀಕ್ಷೆಯಲ್ಲಿ ಬಂದ ಅಂಕವನ್ನು ನೋಡಿ ಹುಡುಗನಿಗೆ ರ‍್ಯಾಂಕ್ ಬಂದಿತೆಂದು ಊರಿಗೆಲ್ಲ ಸಾರಿದಂತಾಯಿತು ಇದು. ಇಂಥ ಸುದ್ದಿಯನ್ನು ಇಂದಿಗೂ ನೀವು ಪತ್ರಿಕೆಗಳಲ್ಲಿ ಓದುತ್ತೀರಿ. "ಯಾರನ್ನು? ಎಷ್ಟು ಬಾರಿ?" ಎಂಬ ಈ ಎರಡು ಪ್ರಶ್ನೆಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರಿ.

ಮೂರನೆಯವರು ನನ್ನ ಮಟ್ಟಿಗೆ ಈ ಕಥೆಯ ನಾಯಕರು, ಮೇರಿಯನ್ ಟಿನ್ಸ್ಲಿ. ಇವರನ್ನು ಏಕವಚನದಲ್ಲಿ ಬರೆಯಲು ಏಕೋ ನನಗೆ ಮನಸ್ಸು ಬಾರದು. 1927ರಲ್ಲಿ ಓಹಾಯೋ ರಾಜ್ಯದಲ್ಲಿ ಜನನ. ಬಾಲ್ಯದಲ್ಲಿ ಇವರ ಮನೆಯಲ್ಲಿ ಬಾಡಿಗೆಗಿದ್ದ ವೃದ್ಧೆಯೊಬ್ಬರು ಚೆಕರ್ಸ್‌ನಲ್ಲಿ ಇವರನ್ನು ಸೋಲಿಸಿ ಸೋಲಿಸಿ ಗಹಗಹಿಸಿ ನಗುತ್ತಿದ್ದರಂತೆ. ಮುಂದೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗಣಿತದ ಪುಸ್ತಕವನ್ನು ಹುಡುಕುವಾಗ ಚೆಕರ್ಸ್ ಕುರಿತ ಪುಸ್ತಕ ಕೈಗೆ ಸಿಕ್ಕಿತು. ಆ ಅಜ್ಜಿಯನ್ನು ಸೋಲಿಸುವ ಉಪಾಯ ಅದರಲ್ಲಿದ್ದೀತೆಂದು ತೆರೆದವರು ಮತ್ತೆ ಅದನ್ನು ಮುಚ್ಚಲಿಲ್ಲ. ಗಣಿತದಲ್ಲಿ ಡಾಕ್ಟರೇಟ್ ಪಡೆದು, ಕಪ್ಪುಜನರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾಗಿದ್ದ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದರು. ಮದುವೆಯಾಗಲಿಲ್ಲ. ದೈವಭಕ್ತರು, ಚರ್ಚಿನಲ್ಲಿ ಉಪದೇಶವನ್ನೂ ಮಾಡುತ್ತಿದ್ದರು.

1955ರಲ್ಲಿ ವಿಶ್ವ ಚಾಂಪಿಯನ್ ಆದರು. 1958ರಲ್ಲಿ ಪಟ್ಟವನ್ನು ಉಳಿಸಿಕೊಂಡ ಮೇಲೆ ಸ್ಪರ್ಧೆಗಳಿಂದ ತಾವಾಗಿ ಹಿಂದೆ ಸರಿದರು. ಒಂದು ದಶಕಕ್ಕೂ ಮಿಕ್ಕಿದ ಕಾಲದ ನಂತರ ಮರಳಿ ಬಂದು, 1975ರಿಂದ 1991ರವರೆಗೆ ಮತ್ತೆ ವಿಶ್ವ ಚಾಂಪಿಯನ್ ಆಗಿದ್ದರು. 1950ರಿಂದ ಮರಣದವರೆಗಿನ 45 ವರ್ಷಗಳಲ್ಲಿ ಅವರು ಸೋತ ಆಟಗಳು ಏಳು ಎಂದು ಎಣಿಸುತ್ತಾರೆ. ಏಳು ಪಂದ್ಯಗಳಲ್ಲ, ಬಿಡಿ ಆಟಗಳು ಏಳು. ಯಾವುದೇ ಆಟದಲ್ಲಿ, ಯಾವುದೇ ದೇಶದಲ್ಲಿ, ಇಷ್ಟು ದೀರ್ಘಕಾಲ ಇಷ್ಟು ಪರಿಪೂರ್ಣತೆಯ ಸಮೀಪದಲ್ಲಿದ್ದ ಇನ್ನೊಬ್ಬ ಮನುಷ್ಯನನ್ನು ಹೆಸರಿಸುವುದು ಕಷ್ಟ.

ನಾಲ್ಕನೆಯವರು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೊನಾಥನ್ ಶೇಫರ್. 1989ರ ಜೂನ್ ತಿಂಗಳಲ್ಲಿ ಇವರು ತಮ್ಮ ಸಹೋದ್ಯೋಗಿಗಳೊಂದಿಗೆ ಚಿನೂಕ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಚಿನೂಕ್ ಎಂದರೆ ಆ ಪ್ರಾಂತ್ಯದಲ್ಲಿ ಚಳಿಗಾಲದಲ್ಲಿ ಬೀಸುವ ಬೆಚ್ಚನೆಯ ಗಾಳಿ. ಸ್ಯಾಮ್ಯುಯೆಲನ ಯಂತ್ರಕ್ಕೂ ಚಿನೂಕ್‌ಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಚಿನೂಕ್ ತಾನಾಗಿ ಕಲಿಯುತ್ತಿರಲಿಲ್ಲ. ಅದರ ಬಲವಿದ್ದುದು ವೇಗದ ಹುಡುಕಾಟದಲ್ಲಿ ಮತ್ತು ಒಂದು ಭಂಡಾರದಲ್ಲಿ. ಮಣೆಯ ಮೇಲೆ ಕೆಲವೇ ಕಾಯಿಗಳು ಉಳಿದಾಗ ಉಂಟಾಗಬಹುದಾದ ಪ್ರತಿಯೊಂದು ಸ್ಥಿತಿಗೂ ಗೆಲುವೋ ಸೋಲೋ ಸಮವೋ ಎಂಬ ಖಚಿತ ಉತ್ತರವನ್ನು ಮೊದಲೇ ಕಂಡುಹಿಡಿದು ಆ ಭಂಡಾರದಲ್ಲಿ ತುಂಬಿಡಲಾಗಿತ್ತು. ಅಂದರೆ ಆಟವನ್ನು ಕೊನೆಯಿಂದ ಮೊದಲಿನ ಕಡೆಗೆ ಬಿಡಿಸುತ್ತ ಬರುವ ಕ್ರಮ. ಕಠಿಣವಾದ ಲೆಕ್ಕವನ್ನು ಉತ್ತರದಿಂದ ಹಿಂದಕ್ಕೆ ಬಿಡಿಸಿಕೊಂಡು ಬರುವ ಉಪಾಯ ನನ್ನ ಗಣಿತದ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಚಿನೂಕ್ ಟಿನ್ಸ್ಲಿಯವರ ನಂತರದ ಎರಡನೆಯ ಸ್ಥಾನ ಪಡೆಯಿತು. ನಿಯಮದ ಪ್ರಕಾರ ವಿಶ್ವ ಪಟ್ಟಕ್ಕಾಗಿ ಅವರೊಡನೆ ಆಡುವ ಹಕ್ಕು ಅದಕ್ಕೆ ದೊರೆಯಬೇಕು. ಆದರೆ ಯಂತ್ರವೊಂದು ಮನುಷ್ಯರ ಪಟ್ಟಕ್ಕೆ ಸ್ಪರ್ಧಿಸುವುದನ್ನು ಅಮೆರಿಕ ಮತ್ತು ಇಂಗ್ಲೆಂಡಿನ ಚೆಕರ್ಸ್ ಸಂಘಗಳು ಒಪ್ಪಲಿಲ್ಲ. ಆಗ ಟಿನ್ಸ್ಲಿಯವರು ಮಾಡಿದ್ದನ್ನು ಗಮನಿಸಿ. ಸಂಘಗಳ ಮರೆಯಲ್ಲಿ ನಿಂತು ಪಟ್ಟವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬಹುದಾಗಿತ್ತು. ವಯಸ್ಸು ಅರುವತ್ತು ದಾಟಿತ್ತು. ಸಾಧಿಸಬೇಕಾದದ್ದೇನೂ ಉಳಿದಿರಲಿಲ್ಲ. ಅವರು ವಿಶ್ವ ಪಟ್ಟಕ್ಕೇ ರಾಜೀನಾಮೆ ಕೊಟ್ಟರು, ಯಂತ್ರದೊಡನೆ ಆಡಲು ತಮಗೆ ಅಡ್ಡಿಯಿರಬಾರದೆಂದು! ಕೊನೆಗೆ ಸಂಘಗಳು 'ಮಾನವ-ಯಂತ್ರ ವಿಶ್ವ ಚಾಂಪಿಯನ್' ಎಂಬ ಬೇರೊಂದು ಪಟ್ಟವನ್ನೇ ಏರ್ಪಡಿಸಿದವು. ಎಷ್ಟೋ ವರ್ಷಗಳಿಂದ ಎದುರಾಳಿಗಳೆಲ್ಲ ಟಿನ್ಸ್ಲಿಯವರೊಡನೆ ಸಮ ಮಾಡಿಕೊಂಡರೆ ಸಾಕೆಂದು ಹೆದರಿ ಹೆದರಿ ಆಡುತ್ತಿದ್ದರು. ಹೆಸರಿಗೆ ಅಂಜದೆ, ಗೆಲ್ಲಲೆಂದೇ ಆಡುವ ಎದುರಾಳಿಯೊಂದು ಸಿಕ್ಕಿತೆಂದು ಅವರಿಗೆ ಹುಡುಗನಂತೆ ಸಂತೋಷವಾಗಿತ್ತು.

ಅವರಿಬ್ಬರ ನಡುವಿನ ಒಂದು ಸ್ನೇಹಪಂದ್ಯದ ಪ್ರಸಂಗ ಪ್ರಸಿದ್ಧವಾಗಿದೆ. ಚಿನೂಕ್ ತನ್ನ ಹತ್ತನೆಯ ನಡೆಯನ್ನು ನಡೆದಾಗ, ಶೇಫರ್ ಕಾಯಿಯಿಂದ ಕೈ ತೆಗೆಯುವ ಮೊದಲೇ ಟಿನ್ಸ್ಲಿಯವರು "ಇದಕ್ಕಾಗಿ ನೀವು ಪಶ್ಚಾತ್ತಾಪ ಪಡುತ್ತೀರಿ" ಎಂಬ ಅರ್ಥದ ಮಾತು ಹೇಳಿದರು. ಯಂತ್ರದ ಲೆಕ್ಕದಲ್ಲಿ ಆಗ ಚಿನೂಕ್‌ನ ಸ್ಥಿತಿ ಚೆನ್ನಾಗಿಯೇ ಇತ್ತು. ಮುಂದೆ ಆಟ ಸಾಗಿದಂತೆ ಆ ಅನುಕೂಲ ಕರಗಿ, ಕೊನೆಗೆ ಚಿನೂಕ್ ಸೋಲೊಪ್ಪಿಕೊಂಡಿತು. ಆಮೇಲೆ ಶೇಫರ್ ಯಂತ್ರದ ಸಹಾಯದಿಂದ ಪರಿಶೀಲಿಸಿದಾಗ, ಆ ಸೋಲನ್ನು ಮೊದಲೇ ಕಾಣಬೇಕಾಗಿದ್ದರೆ 64 ನಡೆಗಳಷ್ಟು ಮುಂದೆ ನೋಡಬೇಕಿತ್ತು ಎಂದು ಗೊತ್ತಾಯಿತು. ಟಿನ್ಸ್ಲಿಯವರು ಅಷ್ಟನ್ನೂ ಎಣಿಸಿದ್ದರೆಂದು ಅರ್ಥವಲ್ಲ. ಒಂದು ಜೀವಮಾನದ ಅಭ್ಯಾಸದಿಂದ ಆ ಸ್ಥಿತಿಯ ಗುಣ ಅವರಿಗೆ ನೋಡಿದೊಡನೆ ತಿಳಿದಿತ್ತು. ಹುಡುಗ ಕರಿಹಲಗೆಯ ಮೇಲೆ ಎರಡನೆಯ ಸಾಲನ್ನು ಬರೆಯುವಾಗಲೇ ಈ ದಾರಿಯಲ್ಲಿ ಉತ್ತರ ಬಾರದೆಂದು ಅನುಭವಿ ಉಪಾಧ್ಯಾಯನಿಗೆ ತಿಳಿಯುವುದಿಲ್ಲವೆ, ಹಾಗೆ.

1992ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನಲ್ಲಿ 40 ಆಟಗಳ ಪಂದ್ಯ ಏರ್ಪಟ್ಟಿತು. ಎಂಟನೆಯ ಆಟದಲ್ಲಿ ಯಂತ್ರ ಗೆದ್ದಿತು. ಹದಿನಾಲ್ಕನೆಯದರಲ್ಲಿ ಮತ್ತೆ ಗೆದ್ದು ಮುನ್ನಡೆ ಪಡೆಯಿತು. ಹದಿನೆಂಟನೆಯ ಆಟದಲ್ಲಿ ಯಂತ್ರವೇ ಕೆಟ್ಟು ನಿಂತು ಆ ಆಟವನ್ನು ಬಿಟ್ಟುಕೊಡಬೇಕಾಯಿತು. ದಣಿವು ಮನುಷ್ಯನಿಗೆ ಮಾತ್ರವಲ್ಲ ಎಂದಂತಾಯಿತು. ಕೊನೆಗೆ ಟಿನ್ಸ್ಲಿಯವರಿಗೆ 4, ಚಿನೂಕ್‌ಗೆ 2, ಸಮವಾದವು 33. ಮನುಷ್ಯ ಗೆದ್ದನು. ಚಿನೂಕ್ ಅನ್ನು ತಯಾರಿಸಿದ ಶೇಫರ್ ಅವರಿಗಿಂತ ತನ್ನನ್ನು ರೂಪಿಸಿದವನು ದೊಡ್ಡವನು, ಅವನು ಭಗವಂತ ಎಂಬುದು ಟಿನ್ಸ್ಲಿಯವರು ವಿನೋದವಾಗಿಯೂ ಶ್ರದ್ಧೆಯಿಂದಲೂ ಹೇಳುತ್ತಿದ್ದ ಮಾತಿನ ತಾತ್ಪರ್ಯ.

1994ರ ಆಗಸ್ಟ್‌ನಲ್ಲಿ ಬಾಸ್ಟನ್ ನಗರದ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಮರುಪಂದ್ಯ. ಆರು ಆಟಗಳು ನಡೆದವು, ಆರೂ ಸಮ. ಅಷ್ಟರಲ್ಲಿ ಟಿನ್ಸ್ಲಿಯವರಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆಯಿರುವುದು ತಿಳಿಯಿತು. ಅವರು ಪಂದ್ಯವನ್ನು ಬಿಟ್ಟು, ಪಟ್ಟವನ್ನು ಚಿನೂಕ್‌ಗೆ ಒಪ್ಪಿಸಿದರು. ಮನುಷ್ಯರನ್ನೊಳಗೊಂಡ ವಿಶ್ವ ಪಟ್ಟವೊಂದು ಯಂತ್ರಕ್ಕೆ ದೊರೆತದ್ದು ಹೀಗೆ. ಚದುರಂಗದಲ್ಲಿ ಡೀಪ್ ಬ್ಲೂ ಕಾಸ್ಪರೋವ್ ಅವರನ್ನು ಸೋಲಿಸಿದ್ದು ಇದಾದ ಮೂರು ವರ್ಷಗಳ ನಂತರ, 1997ರಲ್ಲಿ. 1995ರ ಏಪ್ರಿಲ್ 3ರಂದು ಟಿನ್ಸ್ಲಿಯವರು ತೀರಿಕೊಂಡರು.

ಶೇಫರ್ ಅವರಿಗೆ ಪಟ್ಟ ಬಂದಿತು, ಸಮಾಧಾನ ಬರಲಿಲ್ಲ. ಟಿನ್ಸ್ಲಿಯವರು ಆರೋಗ್ಯವಾಗಿದ್ದಿದ್ದರೆ ಚಿನೂಕ್ ಗೆಲ್ಲುತ್ತಿತ್ತೆ ಎಂಬ ಪ್ರಶ್ನೆ ಉಳಿದೇ ಉಳಿಯಿತು. ಎದುರಾಳಿಯೇ ಇಲ್ಲದ ಮೇಲೆ ಅದನ್ನು ಪಂದ್ಯದಿಂದ ಬಗೆಹರಿಸುವಂತಿಲ್ಲ. ಉಳಿದದ್ದು ಒಂದೇ ದಾರಿ, ಆಟವನ್ನೇ ಪೂರ್ತಿಯಾಗಿ ಬಿಡಿಸುವುದು. ಹತ್ತು ಮತ್ತು ಅದಕ್ಕಿಂತ ಕಡಿಮೆ ಕಾಯಿಗಳುಳ್ಳ ಎಲ್ಲ ಸ್ಥಿತಿಗಳನ್ನೂ, ಅಂದರೆ ಸುಮಾರು 39 ಲಕ್ಷ ಕೋಟಿ ಸ್ಥಿತಿಗಳನ್ನು, ಹತ್ತಾರು ಗಣಕಯಂತ್ರಗಳಿಂದ ಬಿಡಿಸಿ, ಆಟದ ಆರಂಭದಿಂದ ಅವಕ್ಕೆ ದಾರಿ ಜೋಡಿಸಿದರು. 2007ರ ಜುಲೈಯಲ್ಲಿ ಫಲಿತಾಂಶ ಪ್ರಕಟವಾಯಿತು. ಇಬ್ಬರೂ ಒಂದೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಆಟ ಯಾವಾಗಲೂ ಸಮವಾಗಿಯೇ ಮುಗಿಯುತ್ತದೆ. 18 ವರ್ಷಗಳ ದುಡಿಮೆಯ ಕೊನೆಯಲ್ಲಿ ದೊರೆತ ಉತ್ತರ ಇದು. ಬಾಸ್ಟನ್ನಿನಲ್ಲಿ ಆ ಆರು ಆಟಗಳೂ ಸಮವಾಗಿದ್ದವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅರವತ್ತೇಳು ವರ್ಷದ ರೋಗಪೀಡಿತ ಮನುಷ್ಯನೊಬ್ಬ ಯಂತ್ರದ ಎದುರಿಗೆ ಕುಳಿತು, ಯಂತ್ರವು ಹದಿಮೂರು ವರ್ಷಗಳ ನಂತರ ಸಾಧಿಸಿ ತೋರಿಸಲಿದ್ದ ಫಲಿತಾಂಶವನ್ನು ಆರು ಬಾರಿ ಕೈಯಿಂದಲೇ ಬರೆದು ಹೋಗಿದ್ದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಲ ನಿಂತಿಲ್ಲ. ಯಂತ್ರವನ್ನು ಯಂತ್ರದೊಡನೆಯೇ ಆಡಿಸಿ ಕಲಿಸುವ ಸ್ಯಾಮ್ಯುಯೆಲನ ಉಪಾಯವೇ ಬೆಳೆದು, 2017ರಲ್ಲಿ ಆಲ್ಫಾಜೀರೋ ಎಂಬ ಕಾರ್ಯಕ್ರಮವು ಕೇವಲ ನಿಯಮಗಳನ್ನು ತಿಳಿದುಕೊಂಡು, ತನ್ನೊಡನೆ ತಾನೇ ಆಡುತ್ತ ಚದುರಂಗವನ್ನು ಕಲಿತು ಅತ್ಯುತ್ತಮ ಯಂತ್ರಗಳನ್ನೇ ಸೋಲಿಸಿತು. ಯಾವ ಅಂಶಗಳನ್ನು ನೋಡಬೇಕೆಂಬ ಪಟ್ಟಿಯನ್ನೂ ಅದಕ್ಕೆ ಯಾರೂ ಕೊಡಲಿಲ್ಲ. ಸ್ಯಾಮ್ಯುಯೆಲ್ ಒಪ್ಪಿಕೊಂಡಿದ್ದ ಮಿತಿ ಅಲ್ಲಿಗೆ ದಾಟಿತು. ಆದ್ದರಿಂದ ಯಂತ್ರ ಕಲಿಯುವುದಿಲ್ಲ ಎಂದು ಇನ್ನು ಯಾರೂ ಹಟ ಹಿಡಿಯುವಂತಿಲ್ಲ. ಆದರೆ ಅದು ಕಲಿತದ್ದೆಲ್ಲ ಗೆಲುವು ಸೋಲುಗಳು ಸ್ಪಷ್ಟವಾಗಿ ಗೊತ್ತಿರುವ ಲೋಕದಲ್ಲಿ. ಚೆಕರ್ಸ್ ಮಣೆಯ ಮೇಲೆ ಯಾವುದು ಗೆಲುವೆಂದು ಮೊದಲೇ ಬರೆದಿಟ್ಟಿದೆ. ತರಗತಿಯಲ್ಲಿ ಹಾಗೆ ಬರೆದಿಟ್ಟಿಲ್ಲ. ಲೆಕ್ಕದಲ್ಲಿ ಸದಾ ಹಿಂದಿದ್ದ ಹುಡುಗನೊಬ್ಬ ಮುಂದೆ ತನ್ನ ತಾಯಿತಂದೆಯರನ್ನು ಚೆನ್ನಾಗಿ ನೋಡಿಕೊಂಡದ್ದನ್ನು ನಾನು ಬಲ್ಲೆ. ಅವನ ಉತ್ತರಪತ್ರಿಕೆಯ ಯಾವ ಅಂಶಕ್ಕೆ ಎಷ್ಟು ಅಂಕ ಕೊಟ್ಟಿದ್ದರೆ ಅದು ಮೊದಲೇ ತಿಳಿಯುತ್ತಿತ್ತು?

ಟಿನ್ಸ್ಲಿಯವರ ನಡತೆಯಲ್ಲಿಯೂ ನಮಗೊಂದು ಪಾಠವಿದೆಯೆಂದು ನನ್ನ ಭಾವನೆ. ತನಗಿಂತ ಬಲಶಾಲಿಯಾಗಬಹುದಾದ ಹೊಸತೊಂದು ಎದುರು ಬಂದಾಗ ಅವರು ಅದನ್ನು ಹೀಯಾಳಿಸಲಿಲ್ಲ, ಹೆದರಿ ಬಾಗಿಲು ಹಾಕಿಕೊಳ್ಳಲೂ ಇಲ್ಲ. ಪಟ್ಟವನ್ನು ಬದಿಗಿಟ್ಟು ಮಣೆಯ ಮುಂದೆ ಕುಳಿತರು. ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಇಂಥ ಯಂತ್ರಗಳ ನಡುವೆಯೇ ಉದ್ಯೋಗ ಮಾಡುತ್ತಿದ್ದೀರಿ, ನಾಳೆ ಕೆಲಸ ಉಳಿಯುವುದೋ ಇಲ್ಲವೋ ಎಂಬ ಆತಂಕವನ್ನು ಕೆಲವರು ನನ್ನೊಡನೆ ಹೇಳಿಕೊಂಡಿದ್ದೀರಿ. ಆ ಆತಂಕಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ನಿಮ್ಮ ಮಕ್ಕಳಿಗೆ ಈ ನಾಲ್ವರ ಕಥೆಯನ್ನು ಹೇಳಿ. ಮನೆಯಲ್ಲಿ ಮಣೆಯಿದ್ದರೆ ಅವರೊಡನೆ ಕುಳಿತು ಒಂದು ಆಟವನ್ನೂ ಆಡಿ. ಅವರು ನಿಮ್ಮನ್ನು ಸೋಲಿಸಿದ ದಿನ ನನಗೊಂದು ಪತ್ರ ಬರೆಯಿರಿ.